ಬಳಚಿನ ಮರಿಗೆ ಮುಚ್ಚಿಕೊಳ್ಳಲು ಬಾಗಿಲಿಲ್ಲ

ಹೋದ ಜನವರಿಯಲ್ಲಿ ಚಿಕ್ಕಮ್ಮನ ಜೊತೆ ಅಘನಾಶಿನಿ ಹೊಳೆಗೆ ಬಳಚು ತೆಗೆಯಲು ಹೋಗಿದ್ದೆ. ಬಳಚು ಅಂದರೆ ಕೆಸರಲ್ಲಿ ಬದುಕುವ, ನಾವು ತಿನ್ನುವ ಎರಡು ಚಿಪ್ಪಿನ ಜೀವಿ. ಇಳಿತದ ಹೊತ್ತು, ಮೊಣಕಾಲುದ್ದ ನೀರು. ಚಿಕ್ಕಮ್ಮ ಕಾಲಿನ ಬೆರಳಲ್ಲೇ ಕೆಸರು ತಡವಿ ಬಳಚು ಎಲ್ಲಿದೆ ಅಂತ ಹೇಳುತ್ತಾಳೆ. ಅರ್ಧ ಗಂಟೆಯಲ್ಲಿ ಬುಟ್ಟಿಯ ತಳ ಮುಚ್ಚಿತು. ಆಮೇಲೆ ಬುಟ್ಟಿಯನ್ನು ನೀರಲ್ಲಿ ಅದ್ದಿ ಎರಡು ಸಲ ಜಾಲಾಡಿಸಿದಳು. ಕೆಸರು ಕರಗಿ ಹೋಯಿತು. ಉಳಿದದ್ದೆಲ್ಲ ದೊಡ್ಡದೇ.

"ನೋಡು, ಮರಿ ಇಲ್ಲ," ಅಂದಳು. "ಮೊದಲು ಹಿಂಗೆ ಜಾಲಾಡ್ಸಿದ್ರೆ ಹುರುಳಿಕಾಳಿನಷ್ಟು ಮರಿ ಬುಟ್ಟಿ ಸಂದಿಂದ ಉದುರ್ತಿತ್ತು. ಹೊಳೆಗೇ ವಾಪಸ್ ಹೋಗ್ತಿತ್ತು. ಈಗ ಬರೀ ಕೆಸರು ಬೀಳ್ತದೆ."

ಬಳಚು ಕಡಿಮೆ ಆಯ್ತು ಅಂದಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು, ಜನ ಜಾಸ್ತಿ ತೆಗೆದರು ಅಂತ. ಅದರಲ್ಲೂ ನಿಜ ಇದೆ. ಸಣ್ಣದನ್ನೂ ಬಿಡದೆ ಬಳಿದುಕೊಂಡು ಹೋಗುವವರನ್ನು ನಾನೇ ನೋಡಿದ್ದೇನೆ. ಆದರೆ ಚಿಕ್ಕಮ್ಮ ಹೇಳಿದ್ದು ಬೇರೆ. ದೊಡ್ಡದು ಬದುಕಿರುವ ನೀರಲ್ಲಿ ಮರಿ ಯಾಕಿಲ್ಲ? ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದಿದಷ್ಟೂ ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವು ಕೆಸರಲ್ಲಿ ಹುಡುಕುತ್ತೇವೆ, ಆದರೆ ಬಳಚು ಹುಟ್ಟುವುದು ನೀರಲ್ಲಿ. ಮಳೆಗಾಲ ಮುಗಿದು ಹೊಳೆಗೆ ಉಪ್ಪು ಏರುತ್ತಿದ್ದ ಹಾಗೆ ಗಂಡು, ಹೆಣ್ಣು ಎರಡೂ ತಮ್ಮ ಬೀಜವನ್ನು ನೀರಿಗೇ ಬಿಡುತ್ತವೆ. ಒಂದೆರಡು ದಿನದಲ್ಲಿ ಮರಿ ತನ್ನ ಮೊದಲ ಚಿಪ್ಪು ಕಟ್ಟಿಕೊಳ್ಳಬೇಕು. ಆಗ ಅದರ ಗಾತ್ರ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲೂ ಇರುವುದಿಲ್ಲ. ಬಾಯಿ ಸರಿಯಾಗಿ ಮೂಡಿರುವುದಿಲ್ಲ, ಊಟ ಶುರುವಾಗಿರುವುದಿಲ್ಲ. ತಾಯಿ ಮೊಟ್ಟೆಯಲ್ಲಿ ಕಟ್ಟಿಕೊಟ್ಟ ಬುತ್ತಿಯಲ್ಲೇ ಚಿಪ್ಪು ಆಗಬೇಕು. ಆಮೇಲೆ ಎರಡು ವಾರದ ಹತ್ತಿರ ತೇಲಿ, ಕಾಲು ಮೂಡಿದ ಮೇಲೆ ಕೆಳಗಿಳಿದು ನೆಲ ಹಿಡಿಯುತ್ತದೆ.

ದೊಡ್ಡ ಬಳಚಿಗೆ ನೀರು ಹಿಡಿಸಲಿಲ್ಲ ಅಂದರೆ ಚಿಪ್ಪು ಮುಚ್ಚಿಕೊಂಡು ಕೂರುತ್ತದೆ. ಸಂಜೆ ತಂದ ಬಳಚು ಬೆಳಗಿನವರೆಗೂ ಬುಟ್ಟಿಯಲ್ಲಿ ಬಾಯಿ ಬಿಗಿದುಕೊಂಡು ಜೀವ ಹಿಡಿದಿರುವುದನ್ನು ನಮ್ಮ ಕಡೆ ಯಾರು ನೋಡಿಲ್ಲ? ಮರಿಗೆ ಆ ಅನುಕೂಲ ಇಲ್ಲ. ಮನೆಯನ್ನೇ ಇನ್ನೂ ಕಟ್ಟುತ್ತಿದೆ. ಹಾಗಾಗಿ ನೀರಿನ ಸುದ್ದಿ ಬಂದಾಗ "ಮೀನು ಸತ್ತಿಲ್ಲ, ದೊಡ್ಡ ಬಳಚು ಚೆನ್ನಾಗೇ ಇದೆ" ಅನ್ನುವ ಸಮಾಧಾನವನ್ನು ನಾನಿನ್ನು ಒಪ್ಪುವುದಿಲ್ಲ.

ಅಮೆರಿಕದ ಒರೆಗಾನ್ ಕರಾವಳಿಯ ನೆಟಾರ್ಟ್ಸ್ ಕೊಲ್ಲಿಯಲ್ಲಿ ವಿಸ್ಕಿ ಕ್ರೀಕ್ ಅಂತ ಒಂದು ಹ್ಯಾಚರಿ ಇದೆ. ಸಮುದ್ರದ ನೀರು ಎಳೆದು ತೊಟ್ಟಿಗೆ ತುಂಬಿ ಕಲ್ವದ (ಆಯ್ಸ್ಟರ್ ಚಿಪ್ಪಿನ) ಮರಿ ಮಾಡಿ ಮಾರುತ್ತಾರೆ. 2007ರಲ್ಲಿ ಅಲ್ಲಿ ಮರಿಗಳು ತೊಟ್ಟಿ ತೊಟ್ಟಿಯೇ ಸಾಯತೊಡಗಿದವು. ಮೊದಲು ರೋಗಾಣು ಅಂದುಕೊಂಡರು. ಅದಕ್ಕೆ ಮದ್ದು ಮಾಡಿದರೂ ಸಾವು ನಿಲ್ಲಲಿಲ್ಲ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜೊತೆಗೂಡಿ ನೋಡಿದಾಗ ಸಿಕ್ಕಿದ್ದು ನೀರಿನ ಹುಳಿ, ಅಂದರೆ ಆಮ್ಲತೆ. ಗಾಳಿ ಬೀಸಿದಾಗ ಆಳದ ತಣ್ಣನೆ ನೀರು ದಡಕ್ಕೆ ಏರಿ ಬರುತ್ತಿತ್ತು. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ. ಅಂಥ ನೀರಲ್ಲಿ ಚಿಪ್ಪಿಗೆ ಬೇಕಾದ ಕಾರ್ಬೋನೇಟ್ ಕಡಿಮೆ. ಮರಿ ಬುತ್ತಿಯನ್ನೆಲ್ಲ ಚಿಪ್ಪಿಗೇ ಸುರಿದು ಬರಿಗೈ ಆಗುತ್ತಿತ್ತು. ನೀರಿಗೆ ಸೋಡಾ ಬೂದಿ ಬೆರೆಸಿ ಹುಳಿ ಮುರಿದರು. ಕೊಲ್ಲಿಯ ಪಾಚಿ, ಹುಲ್ಲು ಬಿಸಿಲಲ್ಲಿ ಆ ಅನಿಲವನ್ನು ಹೀರುತ್ತವೆ ಅಂತ ಮಧ್ಯಾಹ್ನದ ಮೇಲಿನ ನೀರನ್ನೇ ತುಂಬಿಕೊಳ್ಳತೊಡಗಿದರು. ಮರಿ ಉಳಿದವು.

ಹ್ಯಾಚರಿಯ ತೊಟ್ಟಿಗೆ ಸೋಡಾ ಬೂದಿ ಹಾಕಬಹುದು. ಅಘನಾಶಿನಿಗೆ ಹಾಕಲು ಆಗುತ್ತದಾ? ಕಾರ್ಖಾನೆಗಳ ಕಾಲ ಶುರುವಾದ ಮೇಲೆ ಜಗತ್ತಿನ ಸಮುದ್ರದ ಮೇಲ್ನೀರಿನ ಹುಳಿ ಶೇ 30ರಷ್ಟು ಏರಿದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲೂ ಆಳದ ನೀರು ಮೇಲೆ ಬರುತ್ತದೆ, ಆಮ್ಲಜನಕ ಕಡಿಮೆ ಇರುವ ನೀರು. ಅದು ಹಿಂದೆ ಸರಿಯುವ ಹೊತ್ತಿಗೇ ನಮ್ಮ ಬಳಚು ಬೀಜ ಬಿಡುವ ಕಾಲ ಬರುತ್ತದೆ.

ಇನ್ನು ಹೊಲಸಿನ ವಿಷಯ. ಫ್ರಾನ್ಸಿನ ಆರ್ಕಾಶಾನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಗೆ ವರ್ಷಗಟ್ಟಲೆ ಕಲ್ವದ ಮರಿ ಕೂರಲೇ ಇಲ್ಲ. ಕಾರಣ, ದೋಣಿಯ ತಳಕ್ಕೆ ಪಾಚಿ ಹಿಡಿಯದಿರಲಿ ಅಂತ ಬಳಿಯುತ್ತಿದ್ದ ತವರದ ಬಣ್ಣ, ಟಿಬಿಟಿ. 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಲ್ಲಿಸಿದರು, ಮರಿ ವಾಪಸ್ ಬಂದವು. ಇದು ನನಗೆ ತುಂಬಾ ಧೈರ್ಯ ಕೊಟ್ಟ ಸಂಗತಿ. ಆದರೆ ಜಗತ್ತಿಗೆಲ್ಲ ಆ ನಿಷೇಧ ಜಾರಿಗೆ ಬರಲು 2008ರವರೆಗೆ ಕಾಯಬೇಕಾಯಿತು. ಈಗಿನ ಬಣ್ಣಗಳಲ್ಲಿ ಹೆಚ್ಚಾಗಿ ಇರುವುದು ತಾಮ್ರ. ಒಂದು ಗ್ರಾಂ ತಾಮ್ರ ಒಂದು ಲಕ್ಷ ಲೀಟರ್ ನೀರಿಗೆ ಬೆರೆತರೂ ನೀಲಿಕಲ್ಲಿನ (ಮಸೆಲ್ ಚಿಪ್ಪಿನ) ಮೊಟ್ಟೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿಯಾಗಿ ಮರಿಯಾಗುವುದಿಲ್ಲ. ಜೂನ್, ಜುಲೈಯ ಮೀನುಗಾರಿಕೆ ರಜೆಯಲ್ಲಿ ನಮ್ಮ ದಕ್ಕೆಗಳ ಪಕ್ಕ ದೋಣಿ ಎಳೆದಿಟ್ಟು ಹಳೇ ಬಣ್ಣ ಕೆರೆಯುವುದನ್ನು ನೋಡಿದ್ದೀರಲ್ವಾ? ಕೆಂಪು ಪುಡಿ ಕೆಸರಿಗೇ ಬೀಳುತ್ತದೆ, ಮಳೆ ಅದನ್ನು ಹೊಳೆಗೇ ತೊಳೆದು ಬಿಡುತ್ತದೆ. ಕೆಳಗೆ ಒಂದು ಟಾರ್ಪಾಲು ಹಾಸಿ ಕೆರೆದರೆ ಸಾಕು. ಟಾರ್ಪಾಲಿಗೆ ಎಷ್ಟು ಖರ್ಚು?

ಉಪ್ಪಿನ ಬಗ್ಗೆ ಹೇಳಲೇಬೇಕು, ನನ್ನ ಸಿಟ್ಟೆಲ್ಲ ಇರುವುದು ಅಲ್ಲೇ. ನಮ್ಮ ಪಕ್ಕದ್ದೇ ಹೊಳೆ ಶರಾವತಿ. ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ಕರೆಂಟ್ ತೆಗೆದ ನೀರು ಬೇಸಿಗೆಯಲ್ಲೂ ಕೆಳಗೆ ಹರಿಯುವುದರಿಂದ ಹೊನ್ನಾವರದ ಅಳಿವೆಯಲ್ಲಿ ಏರಬೇಕಾದ ಕಾಲಕ್ಕೆ ಉಪ್ಪು ಏರುವುದಿಲ್ಲ. ಉಪ್ಪು ಬೇಡುವ ಬಳಚಿನ ಜಾತಿಗಳು ಅಲ್ಲಿ ಸೊರಗಿದ್ದನ್ನು ಬೆಂಗಳೂರಿನ ಐಐಎಸ್‌ಸಿ ಸಂಶೋಧಕರು ದಾಖಲಿಸಿದ್ದಾರೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅವರದೇ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು ಸಿಗುತ್ತಿತ್ತು, ತೆಗೆಯುವವರೇ 2,300ಕ್ಕೂ ಜಾಸ್ತಿ ಜನ. ಚಿಕ್ಕಮ್ಮನಂಥವರು. ಎರಡೂ ಹೊಳೆಗೆ ಘಟ್ಟ ಒಂದೇ, ಸಮುದ್ರ ಒಂದೇ. ವ್ಯತ್ಯಾಸ ಇರುವುದು ನೀರು ಬರುವ ಕಾಲದಲ್ಲಿ, ಬರುವ ಪ್ರಮಾಣದಲ್ಲಿ.

ಇಷ್ಟಾದ ಮೇಲೂ "ಅಘನಾಶಿನಿ ನೀರು ಸುಮ್ನೆ ಸಮುದ್ರ ಸೇರಿ ಪೋಲಾಗ್ತಿದೆ, ವೇದಾವತಿಗೆ ತಿರುಗಿಸೋಣ" ಅನ್ನುವ ಮಾತು ಕೇಳುತ್ತೇವೆ. ಬಯಲುಸೀಮೆಯ ಬಾಯಾರಿಕೆ ದೊಡ್ಡದು, ಅದನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ಆದರೆ ಪೋಲು ಅನ್ನಬೇಡಿ. ಆ ನೀರು ಸಮುದ್ರ ಸೇರುವ ದಾರಿಯಲ್ಲಿ ಉಪ್ಪಿನ ಜೊತೆ ಹದವಾಗಿ ಬೆರೆತು ಬಳಚು ಬೆಳೆಸುತ್ತದೆ, ಗಜನಿಯ (ಉಪ್ಪುನೀರು ಹತ್ತುವ ಗದ್ದೆಯ) ಕಗ್ಗ ಭತ್ತ ಬೆಳೆಸುತ್ತದೆ. 2024ರಲ್ಲಿ ಈ ಅಳಿವೆಯನ್ನು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿ ಹೆಮ್ಮೆ ಪಟ್ಟವರು ನಾವೇ ತಾನೆ?

ಕೇರಳದ ಅಷ್ಟಮುಡಿಯಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಇಂಥದೇ ಚಿಪ್ಪಿನ ಮೀನುಗಾರಿಕೆಗೆ ರಜೆ, ಬಲೆಯ ಕಣ್ಣಿಗೂ ಅಳತೆ ಇದೆ. ನಮ್ಮಲ್ಲೂ ಅದು ಬೇಕು. ಆದರೆ ತೆಗೆಯುವವರಿಗೆ ಮಾತ್ರ ನಿಯಮ ಮಾಡಿ ನೀರನ್ನು ಹಾಗೇ ಬಿಟ್ಟರೆ ಅದು ಅನ್ಯಾಯ. ಅಕ್ಟೋಬರಿನಿಂದ ಫೆಬ್ರವರಿವರೆಗೆ, ಮರಿ ತೇಲುವ ತಿಂಗಳುಗಳಲ್ಲಿ, ಅಳಿವೆಯ ಉಪ್ಪು, ಹುಳಿ, ತಾಮ್ರ ವಾರಕ್ಕೊಮ್ಮೆ ಅಳೆಯಬೇಕು. ಅದನ್ನು ದಕ್ಕೆಯ ಗೋಡೆ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು.

ಚಿಕ್ಕಮ್ಮನ ಒಂದು ಬುಟ್ಟಿ ನೋಡಿ ಇಡೀ ಹೊಳೆಯ ಕಥೆ ಹೇಳಲು ಬರುವುದಿಲ್ಲ, ಅದು ನನಗೂ ಗೊತ್ತು. ಅದಕ್ಕೇ ಪರಿಚಯದ ಸಿಗಡಿ ಕೆರೆಯವರೊಬ್ಬರ ಹತ್ತಿರ ಉಪ್ಪು ಅಳೆಯುವ ಉಪಕರಣ ಕೇಳಿ ಇಟ್ಟಿದ್ದೇನೆ. ಒಂದು ಹನಿ ನೀರು ಹಾಕಿ ಕಣ್ಣಿಗೆ ಹಿಡಿದು ನೋಡುವಂಥದ್ದು. ಮನೆಯಿಂದ ಒಂದು ಸಣ್ಣ ಜರಡಿಯೂ ಬರುತ್ತದೆ. ಮಳೆ ನಿಂತ ಮೇಲೆ ಪ್ರತಿ ಅಮಾವಾಸ್ಯೆಯ ಇಳಿತಕ್ಕೆ ಹೋಗುವುದು ಅಂತ ಮಾಡಿದ್ದೇವೆ. ಮೊದಲು ಮರಿ ಸಿಗುತ್ತಿದ್ದ ಮೂರು ಜಾಗ ತೋರಿಸುತ್ತೇನೆ ಅಂತ ಚಿಕ್ಕಮ್ಮ ಒಪ್ಪಿದ್ದಾಳೆ.