ಡಬ್ಬ ದೇವರು ಮತ್ತು ಎರಡು ವೈಫೈ

ನಮ್ಮನೆ ಚಪ್ಪಲಿ ಸ್ಟ್ಯಾಂಡ್ ಮೇಲೆ ಇಂಟರ್ನೆಟ್ ಕನೆಕ್ಷನ್ ಜೊತೆ ಬಂದ ಒಂದು ಬಿಳಿ ಡಬ್ಬ ಕೂತಿದೆ. ಕರೆಂಟ್ ಬಿಲ್ ನಂದು, ಗೋಡೆ ಓನರ್‌ದು, ಗೋಡೆಗೆ ತೂತು ಹೊಡೆದಿದ್ದಕ್ಕೆ ಬೈಸ್ಕೊಂಡಿದ್ದೂ ನಾನೇ, ಆದ್ರೆ ಡಬ್ಬ ಮಾತ್ರ ಕಂಪನಿದು, ಮುಟ್ಟಂಗಿಲ್ಲ.

ಅದರ ವೈಫೈ ಬೆಡ್‌ರೂಮಿಗೆ ಬರೋಷ್ಟರಲ್ಲಿ ಸುಸ್ತಾಗಿ ಬಿದ್ದೋಗತ್ತೆ ಅಂತ ಸ್ವಂತ ದುಡ್ಡಲ್ಲಿ ಒಳ್ಳೆ ರೂಟರ್ ತಂದೆ. ಫೈಬರ್‌ನಲ್ಲಿ ಬರೋ ಬೆಳಕನ್ನ ಸಿಗ್ನಲ್ ಮಾಡೋಕೆ ಡಬ್ಬ ಬೇಕು ಸರಿ, ಇರ್ಲಿ, ಬ್ರಿಡ್ಜ್ ಮೋಡ್‌ಗೆ ಹಾಕಿದ್ರೆ ಅದು ಆ ಕೆಲಸ ಮಾಡ್ಕೊಂಡು ಬಾಯ್ಮುಚ್ಕೊಂಡಿರತ್ತೆ, ಮಿಕ್ಕಿದ್ದು ನನ್ ರೂಟರ್ ನೋಡ್ಕೊಳತ್ತೆ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡ್ದೆ.

"ಬ್ರಿಡ್ಜ್ ಮೋಡ್ ಬೇಕಿತ್ತು."

"ಯಾವ ಬ್ರಿಡ್ಜ್ ಸರ್, ಹತ್ರ ಲ್ಯಾಂಡ್‌ಮಾರ್ಕ್ ಹೇಳಿ."

ಆಮೇಲೆ ಡಬ್ಬ ಆಫ್ ಮಾಡಿ ಆನ್ ಮಾಡೋಕೆ ಹೇಳಿದ್ರು. ಮಾಡ್ದೆ. ಕಂಪ್ಲೇಂಟ್ ಕ್ಲೋಸ್ ಆಯ್ತು ಅಂತ ಮೆಸೇಜೂ ಬಂತು, ರೇಟಿಂಗ್ ಕೊಡಿ ಅಂತ ಇನ್ನೊಂದು.

ಬ್ರೌಸರಲ್ಲಿ 192.168.1.1 ಅಂತ ಹೊಡೆದು ಡಬ್ಬದ ಸೆಟ್ಟಿಂಗ್ಸ್ ಪೇಜಿಗೆ ಹೋಗಿ ನೋಡಿದ್ರೆ ನನಗೆ ಸಿಗೋದು ವೈಫೈ ಹೆಸರು ಬದಲಾಯಿಸೋ ಅಧಿಕಾರ ಅಷ್ಟೇ, ಗ್ರಾಮ ಪಂಚಾಯ್ತಿ ಮೆಂಬರ್‌ಗೂ ಇದಕ್ಕಿಂತ ಜಾಸ್ತಿ ಪವರ್ ಇರತ್ತೆ. ಅಡ್ಮಿನ್ ಪಾಸ್‌ವರ್ಡ್ ಕೇಳಿದ್ರೆ ಕೊಡಲ್ಲ, "ಸೆಕ್ಯುರಿಟಿ ಸರ್". ಮೂರು ದಿನ ಬಿಟ್ಟು ಬಂದ ಹುಡುಗ ಮಾತ್ರ ನನ್ ಲ್ಯಾಪ್‌ಟಾಪಲ್ಲೇ ಆ ಸೆಕ್ಯುರಿಟಿನ ಒಂದೇ ಬೆರಳಲ್ಲಿ ಟೈಪ್ ಮಾಡ್ದ, ಜೋರಾಗಿ ಓದ್ಕೊಂಡು, "ಅಡ್ಮಿನ್... ಆಟ್... ಒನ್ ಟೂ ತ್ರೀ". ಇಡೀ ಏರಿಯಾಗೆ ಅದೇ ಅಂತೆ!

ಜರ್ಮನಿಲಿ 2016ರ ಆಗಸ್ಟ್ 1ರಿಂದ ಕಾನೂನೇ ಇದೆ, ಗ್ರಾಹಕ ತನ್ನ ರೂಟರ್ ತಾನೇ ಹಾಕ್ಕೋಬೋದು, ಲಾಗಿನ್ ವಿವರನ ಗ್ರಾಹಕ ಕೇಳೋಕೆ ಮುಂಚೆನೇ ಕಂಪನಿ ಫ್ರೀಯಾಗಿ ಕೊಡ್ಬೇಕು. ಇದನ್ನ ಆ ಹುಡುಗನಿಗೆ ಹೇಳ್ದೆ. "ಅಲ್ಲಿ ಫೈಬರ್ ಯಾರ್ ಎಳೀತಾರೆ ಸರ್?" ಅಂದ.

ಪಾಪ ಒಳ್ಳೆಯವನು, ಆಫೀಸಿಗೆ ಹೇಳ್ಬೇಡಿ ಅಂತ ಹೇಳಿ ಬ್ರಿಡ್ಜ್ ಮಾಡ್ಕೊಟ್ಟ, ನನ್ ರೂಟರ್ ಕಂಪನಿ ನೆಟ್‌ಗೆ ಲಾಗಿನ್ ಆಗೋಕೆ ಬೇಕಾದ ಪಿಪಿಪಿಒಇ ಯೂಸರ್‌ನೇಮ್‌ನ ಗೋಡೆ ಮೇಲೆ ಪೆನ್ಸಿಲಲ್ಲಿ ಬರ್ದ. ಒಂದು ವಾರ ಸ್ವರ್ಗ. ಎಂಟನೇ ದಿನ ರಾತ್ರಿ ಕಂಪನಿಯವ್ರು ಅಲ್ಲಿಂದಾನೇ ಏನೋ ಅಪ್‌ಡೇಟ್ ತಳ್ಳಿದ್ರು, ಬೆಳಗ್ಗೆ ನೋಡಿದ್ರೆ ಡಬ್ಬ ಮತ್ತೆ ತಾನೇ ಯಜಮಾನ. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಇಲ್ಲಿ ಪೂಜಾರಿ ಕೊಟ್ಟಿದ್ದನ್ನ ದೇವರೇ ರಾತ್ರಿ ಬಂದು ಕಿತ್ಕೊಂಡ.

ಈಗ ಡಬ್ಬದ ಹಿಂದೆ ನನ್ ರೂಟರ್, ಒಂದೇ ಗೇಟಿಗೆ ಇಬ್ರು ವಾಚ್‌ಮನ್ ಥರ, ಹೋಗೋ ಬರೋ ಡೇಟಾ ಮೇಲಿನ ಅಡ್ರೆಸ್‌ನ ಇಬ್ರೂ ತಿದ್ದಿ ತಿದ್ದಿ ಕಳಿಸ್ತಾರೆ, ಕಂಪನಿ ಕಡೆ ಮೂರನೆಯವನೊಬ್ಬ ಇನ್ನೊಂದ್ಸಲ ತಿದ್ದುತಾನೆ. ಊರಿಂದ ಮನೆ ಕ್ಯಾಮೆರಾ ನೋಡೋಣ ಅಂತ ರೂಟರಲ್ಲಿ ಪೋರ್ಟ್ ಅನ್ನೋ ಬಾಗಿಲು ಓಪನ್ ಮಾಡಿದ್ರೆ, ಹೊರಗಿಂದ ಬರುವಾಗ ಮೊದಲು ಸಿಗೋ ಕಂಪನಿ ವಾಚ್‌ಮನ್ ದಾಟೋಕೂ ಆಗ್ಲಿಲ್ಲ.

ಮೊನ್ನೆ ನೆಂಟರು ಬಂದು ವೈಫೈ ಪಾಸ್‌ವರ್ಡ್ ಕೇಳಿದ್ರು. ನಾನು ಬಾಯಿ ಬಿಡೋಕೆ ಮುಂಚೆ ಅಮ್ಮ ಡಬ್ಬದ್ದೇ ಕೊಟ್ರು.

"ಇದು ಕಂಪನಿದು ಕಣಪ್ಪ, ಅದು ಇವ್ನು ತಂದಿರೋದು."