ಒಂದು ಮೊಳೆಯಾದರೂ ಹೊಡೀರಪ್ಪ

ಪೇಟೆಯಲ್ಲಿ ಜುಹರ್, ಅಂದರೆ ಮಧ್ಯಾಹ್ನದ ನಮಾಜಿನ ಹೊತ್ತಾದರೆ ಗಂಡಸರು ಸಿಕ್ಕಿದ ಮಸೀದಿಗೆ ನುಗ್ಗುತ್ತಾರೆ. ಹೆಂಗಸರು ಮೊದಲು ಜಾಗ ಇದೆಯಾ ಅಂತ ವಿಚಾರಿಸಬೇಕು. ಇದ್ದರೂ ಮಹಡಿ ಮೇಲಿನ ಕೋಣೆ, ಅರ್ಧ ಹಳೇ ಚಾಪೆಗಳದ್ದೇ ರಾಶಿ. ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವ ವುಜೂಗೆ ಕೂರುವ ಕಟ್ಟೆ ಇಲ್ಲ, ವಾಶ್‌ಬೇಸಿನ್ನೇ ಗತಿ. ಬುರ್ಖಾ, ಬ್ಯಾಗು ತೂಗುಹಾಕಲು ಒಂದು ಮೊಳೆ? ಊಹೂಂ. ಮೊಣಕೈವರೆಗೆ ತೋಳೇರಿಸಿ, ತಲೆ ಸವರಿ, ಹಿಮ್ಮಡಿ ಒಣಗುಳಿಯದಂತೆ ಗಿಣ್ಣಿನವರೆಗೂ ಕಾಲು ತೊಳೀಬೇಕು. ಬೇಸಿನ್ ಇರೋದು ಸೊಂಟದೆತ್ತರಕ್ಕೆ! ಎತ್ತಿದ ಕಾಲಿನ ನೀರೆಲ್ಲ ಬಟ್ಟೆ ಮೇಲೆ, ನೆಲವೆಲ್ಲ ಜಾರು.

ಜುಹರಿನಲ್ಲಿ ಇಮಾಮರ ಕಿರಾತ್, ಅಂದರೆ ಕುರಾನ್ ಪಠಣ, ಮೌನ; ‘ಅಲ್ಲಾಹು ಅಕ್ಬರ್’ ಎನ್ನುವ ತಕ್ಬೀರೊಂದೇ ಸುಳಿವು. ಮೇಲಿನ ಸ್ಪೀಕರ್ ಕೆಟ್ಟಿದ್ದರೆ ಕೆಳಗೆ ಸೊಂಟ ಬಾಗಿಸುವ ರುಕೂ ಆಯಿತೋ ಹಣೆ ನೆಲಕ್ಕಿಡುವ ಸಜ್ದಾ ಆಯಿತೋ, ಅಲ್ಲಾಹನೇ ಬಲ್ಲ.

ಮೊಣಕಾಲೆತ್ತರಕ್ಕೊಂದು ನಲ್ಲಿ, ಎದುರಿಗೊಂದು ಕಲ್ಲು, ನಾಲ್ಕು ಮೊಳೆ. ಇಷ್ಟಕ್ಕೂ ಕಮಿಟಿಯವರಿಗೆ ಮುಂದಿನ ರಂಜಾನೇ ಬರಬೇಕಂತೆ.