ರೀಲ್ಸ್‌ಗೆ ಸಿಗೋ ಫೋನು ಹಕ್ಕಿಗೆ ಯಾಕೆ ಸಿಗಲ್ಲ?

ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿದ್ದೆ. ವಾಪಸ್ ಬಂದು ತಿಂಡಿ ತಿಂದು ಎರಡು ಲೋಟ ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಇಲ್ಲಿ ಕಕ್ಕುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಬಂಡೆಯ ಮೇಲೆ ಯಾವುದೋ ಶಾಲೆಯ ಮಕ್ಕಳು ಕೂತಿದ್ದರು. ಅರವತ್ತು ಎಪ್ಪತ್ತು ಜನ ಇರಬಹುದು. ಎಲ್ಲರ ತಲೆ ಮೇಲೂ ಒಂದೇ ಬಣ್ಣದ ಟೋಪಿ. ಮುಂದೆ ‘ಔಟ್‌ಡೋರ್ ಲರ್ನಿಂಗ್’ ಅಂತ ಬ್ಯಾನರ್. ಟೀಚರ್ ಒಬ್ಬರು ಸೊಂಟಕ್ಕೆ ಸ್ಪೀಕರ್ ಕಟ್ಟಿಕೊಂಡು, ಕೈಯಲ್ಲಿ ಹಾಳೆ ಹಿಡಿದು ಓದುತ್ತಿದ್ದರು. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಇದರ ಹೆಸರು ಪೆನಿನ್ಸುಲರ್ ನೈಸ್, ಅಂದರೆ ಪಟ್ಟೆ ಪಟ್ಟೆಯ ಒಂದು ಬಗೆಯ ಶಿಲೆ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದವು. ಅಲ್ಲ ಮಾರಾಯ್ರೆ, ಆ ಬಂಡೆ ಅವರು ಕೂತ ಜಾಗದಲ್ಲೇ ಇದೆಯಲ್ಲ! ಅದರ ಬಿಳಿ ಕಪ್ಪು ಪಟ್ಟೆಯನ್ನು ಒಂದ್ಸಲ ಸವರಿ ನೋಡಿ ಅಂತ ಹೇಳೋಕೆ ಏನು ಕಷ್ಟ?

ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ. ಐದೋ ಆರೋ ಕ್ಲಾಸು. “ಮಿಸ್, ಅಲ್ಲೆಲ್ಲೋ ಟಂಕ್ ಟಂಕ್ ಅಂತ ಬಡೀತಿದೆಯಲ್ಲ, ಏನದು?”

“ಲೈನಲ್ಲಿ ಕೂತ್ಕೋ. ಕ್ವಶ್ಚನ್ಸ್ ಎಲ್ಲ ಆಮೇಲೆ.”

ಆಮೇಲೆ ಏನಾಯಿತು ಗೊತ್ತಾ? ರೀಲ್ಸ್. ಶಾಲೆಯ ಇಬ್ಬರು ಫೋನು ತೆಗೆದರು. ಮಕ್ಕಳನ್ನು ಎಬ್ಬಿಸಿ ಒಟ್ಟಿಗೆ ಹಾರಿಸಿದರು. ಸರಿ ಬರಲಿಲ್ಲ ಅಂತ ಇನ್ನೊಂದ್ಸಲ ಹಾರಿಸಿದರು. ಇದಕ್ಕೆ ಹಿಡಿದ ಹೊತ್ತು ಬಂಡೆಗೆ ಹಿಡಿದದ್ದಕ್ಕಿಂತ ಜಾಸ್ತಿ. ಅಂದರೆ ಫೋನು ಇತ್ತು. ಚಾರ್ಜ್ ಇತ್ತು. ನೆಟ್ ಕೂಡ ಇತ್ತು. ಹುಡುಗ ಕೇಳಿದ ಪ್ರಶ್ನೆಗೆ ಮಾತ್ರ ಅದು ಜೇಬಿನಿಂದ ಹೊರಗೆ ಬರಲಿಲ್ಲ.

ನಾನು ಊರಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವನು ಅಂತ ನಿಮಗೆಲ್ಲ ಗೊತ್ತು. ಹಾಗಾಗಿ ಇಂಥದ್ದು ಕಂಡರೆ ಮೈ ಉರಿಯುತ್ತೆ. ಮಗಳ ಮನೆಗೆ ಬಂದಾಗ ಇಲ್ಲೊಂದು ಶಾಲೆಗೆ ಕರೆದಿದ್ದರು. ಹೊಸ ಸ್ಮಾರ್ಟ್ ಬೋರ್ಡ್ ತೋರಿಸಿದರು. ಅದರಲ್ಲಿ ಎಲೆ ಚಿಗುರೋ ವಿಡಿಯೋ. ಬೆಳಕು ಬಿದ್ದರೆ ಸರಿಯಾಗಿ ಕಾಣಲ್ಲ ಅಂತ ಕಿಟಕಿ ಪರದೆ ಎಳೆದಿದ್ದರು. ಪರದೆಯ ಆಚೆ ಒಂದು ಹೊಂಗೆ ಮರ, ಮೈತುಂಬಾ ಎಳೇ ಹಸಿರು ಚಿಗುರು. ನಗಬೇಕೋ ಅಳಬೇಕೋ ತಿಳಿಯದೆ ಸುಮ್ನೆ ಕೊಟ್ಟ ಬಿಸ್ಕತ್ತು ತಿಂದು ಬಂದೆ. ಸೀಸನ್‌ವಾಚ್ ಅಂತ ಒಂದು ಯೋಜನೆ ನಮ್ಮ ದೇಶದಲ್ಲೇ ಇದೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಎಷ್ಟಿದೆ ಅಂತ ದಾಖಲಿಸಿದರೆ ಮುಗಿಯಿತು. ಪೈಸೆ ಖರ್ಚಿಲ್ಲ. ಖರ್ಚಿಲ್ಲದ್ದಕ್ಕೆ ಉದ್ಘಾಟನೆ ಮಾಡೋಕೆ ಬರಲ್ಲ, ಅದೇ ತೊಂದರೆ ಇರಬೇಕು.

ಈಗ ಕಾಮೆಂಟಿನಲ್ಲಿ ಬರೋದು ಗೊತ್ತು. “ಸಾರ್, ಮಕ್ಕಳು ಮೊದಲೇ ದಿನವಿಡೀ ಮೊಬೈಲ್ ನೋಡ್ತವೆ, ಕಾಡಿಗೆ ಹೋದಾಗಲೂ ಅದನ್ನೇ ಕೊಡಬೇಕಾ?” ನಾನೆಲ್ಲಿ ಮಕ್ಕಳ ಕೈಗೆ ಕೊಡಿ ಅಂದೆ? ಒಂದು ಗುಂಪಿಗೆ ಒಂದೇ ಫೋನು, ಅದೂ ಮೇಷ್ಟ್ರ ಕೈಯಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರ ಮರ್ಲಿನ್ ಆ್ಯಪ್ ಪುಕ್ಕಟೆ. 2021ರಿಂದ ಅದು ಹಕ್ಕಿಯ ಕೂಗು ಕೇಳಿಯೇ ಹೆಸರು ಹೇಳುತ್ತೆ. ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಕೂಡ ಬೇಡ. ಕೂಗಿನ ಹೆಸರು ಬಂದ ಮೇಲೆ ಹಕ್ಕಿಯನ್ನು ಹುಡುಕಬೇಕಾದ್ದು ಕಣ್ಣು. ಫೋನು ಮತ್ತೆ ಜೇಬಿಗೆ.

ಇಷ್ಟೊತ್ತು ಆ ಟೀಚರನ್ನು ಬೈದೆ. ಈಗ ನನ್ನ ಕತೆ ಕೇಳಿ.

ನೌಕರಿಯ ಮೊದಲ ವರ್ಷಗಳು. ಶಾಲೆಯ ಹಿಂದಿನ ಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಒಬ್ಬಳು ಹುಡುಗಿ ಒಂದು ಹಕ್ಕಿ ತೋರಿಸಿ ಹೆಸರೇನು ಸಾರ್ ಅಂದಳು. “ತಲೆಹರಟೆ ಮಾಡಬೇಡ, ನಡಿ” ಅಂತ ಗದರಿದೆ. ಯಾಕೆ? ನನಗೆ ಗೊತ್ತಿರಲಿಲ್ಲ. ಅಷ್ಟೇ. ಮೇಷ್ಟ್ರಿಗೆ ಗೊತ್ತಿಲ್ಲ ಅಂತ ಮಕ್ಕಳಿಗೆ ತಿಳಿದರೆ ಮಾನ ಹೋಗುತ್ತೆ ಅಂತ ಭಯ. ಅವಳು ಆಮೇಲೆ ನನ್ನನ್ನು ಏನೂ ಕೇಳಲಿಲ್ಲ, ಹತ್ತನೇ ಕ್ಲಾಸು ಮುಗಿಯೋವರೆಗೂ. ಇವತ್ತಿನ “ಲೈನಲ್ಲಿ ಕೂತ್ಕೋ” ಕೇಳಿದಾಗ ನನಗೆ ಚುಚ್ಚಿದ್ದು ಅದೇ. ಆ ದನಿ ನನ್ನದೇ ಆಗಿತ್ತು.

ಆಗ ನನ್ನ ಹತ್ತಿರ ಫೋನು ಇರಲಿಲ್ಲ. ಇವರ ಹತ್ತಿರ ಇದೆ. “ನಂಗೂ ಗೊತ್ತಿಲ್ಲ, ಬಾ ನೋಡೋಣ” ಅನ್ನೋಕೆ ಈಗ ಅಡ್ಡಿ ಏನು?

ಆ್ಯಪ್ ಹೇಳಿದ್ದೆಲ್ಲ ನಿಜ ಅಂತಲೂ ಅಲ್ಲ. ರಿಟೈರ್ ಆಗೋ ವರ್ಷ ಗುಡ್ಡದಲ್ಲಿ ಮರ್ಲಿನ್ ಹಾಕಿದ್ದೆ. ಶಿಕ್ರಾ ಅಂತ ತೋರಿಸಿತು, ಗಿಡುಗದ ಜಾತಿ. ಮಕ್ಕಳು ಆಕಾಶ ಎಲ್ಲ ಹುಡುಕಿದವು. ಗಿಡುಗ ಇಲ್ಲ. ಒಬ್ಬ ಮೆಲ್ಲಗೆ ಅಂದ, “ಸಾರ್, ಅದು ಭೀಮರಾಜ. ಮೋಸ ಮಾಡ್ತಿದೆ.” ನಿಜ! ಎರಡು ಉದ್ದ ಬಾಲ ಇಳಿಬಿಟ್ಟುಕೊಂಡು ಕೊಂಬೆ ಮೇಲೆ ಕೂತು ಗಿಡುಗದ ಕೂಗನ್ನು ಹೊಡೀತಿತ್ತು. ಭೀಮರಾಜನಿಗೆ ಬೇರೆ ಹಕ್ಕಿಗಳ ದನಿ ಮಾಡೋದು ಅಭ್ಯಾಸ. ಅವತ್ತು ಮಕ್ಕಳು ಮನೆಗೆ ಹೋಗಿ ಹೇಳಿದ್ದು ಒಂದೇ ಮಾತು, ನಾವು ಮೊಬೈಲನ್ನು ಸೋಲಿಸಿದೆವು ಅಂತ.

ಹಕ್ಕಿಗೆ ಮಾತ್ರ ಅಂದುಕೊಳ್ಳಬೇಡಿ. ಫೈಫಾಕ್ಸ್ ಅಂತ ಇನ್ನೊಂದು ಪುಕ್ಕಟೆ ಆ್ಯಪ್ ಇದೆ, ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರದ್ದು. ಅದರಲ್ಲಿ ಸದ್ದಿಗೆ ಶುರುವಾಗಿ ಸದ್ದಿಗೇ ನಿಲ್ಲೋ ಗಡಿಯಾರ ಇದೆ. ಮೈದಾನದಲ್ಲಿ 5 ಮೀಟರ್ ದೂರಕ್ಕೆ ಎರಡು ಫೋನು ಇಡಬೇಕು. ಒಂದರ ಹತ್ತಿರ ಒಬ್ಬ ಚಪ್ಪಾಳೆ ಹೊಡೀಬೇಕು, ಎರಡೂ ಶುರು. ಆಮೇಲೆ ಇನ್ನೊಂದರ ಹತ್ತಿರ ಇನ್ನೊಬ್ಬ, ಎರಡೂ ಬಂದ್. ಎರಡರ ಸಮಯದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತೆ, 0.03 ಸೆಕೆಂಡಿನ ಆಸುಪಾಸು. ಆ ವ್ಯತ್ಯಾಸ ಅಂದರೆ ಸದ್ದು 5 ಮೀಟರನ್ನು ಎರಡು ಸಲ ದಾಟಲು ತೆಗೆದುಕೊಂಡ ಹೊತ್ತು. 10 ಮೀಟರನ್ನು ಅದರಿಂದ ಭಾಗಿಸಿದರೆ ಶಬ್ದದ ವೇಗ! ನಮ್ಮ ಮಕ್ಕಳು ಮೊದಲ ಸಲ ಮಾಡಿದಾಗ ಯಾರೋ ಸೀನಿ ಲೆಕ್ಕ ಕೆಟ್ಟಿತು. ನಾಲ್ಕನೇ ಸಲಕ್ಕೆ 340ರ ಹತ್ತಿರ ಬಂತು. ಪುಸ್ತಕದಲ್ಲಿ ಆ ಸಂಖ್ಯೆಯನ್ನು ಎಷ್ಟೋ ಸಲ ಓದಿಸಿದ್ದೆ, ಯಾರೂ ಕುಣಿದಿರಲಿಲ್ಲ. ಅವತ್ತು ಕುಣಿದರು. ಯಾರೂ ರೀಲ್ಸ್ ಮಾಡಿರಲಿಲ್ಲ, ಎರಡೂ ಫೋನು ನೆಲದ ಮೇಲಿದ್ದವು.

ಇರಲಿ, ಲಾಲ್‌ಬಾಗ್‌ಗೆ ಬರ್ತೀನಿ. ನೀರು ಕುಡಿಯೋಕೆ ಬಿಟ್ಟಾಗ ಆ ಹುಡುಗ ನನ್ನ ಪಕ್ಕದಲ್ಲೇ ಬಾಟಲ್ ತೆಗೆದ. ಟಂಕ್ ಟಂಕ್ ಇನ್ನೂ ನಡೀತಿತ್ತು. ನನಗೆ ಹೆಸರು ಗೊತ್ತಿತ್ತು, ಹೇಳಲಿಲ್ಲ. ಮರ್ಲಿನ್ ಹಾಕಿ ಅವನ ಮುಂದೆ ಹಿಡಿದೆ. ಕಾಪರ್‌ಸ್ಮಿತ್ ಬಾರ್ಬೆಟ್ ಅಂತ ಬಂತು. ಕನ್ನಡದಲ್ಲಿ ಕಂಚುಗಾರ ಹಕ್ಕಿ ಅಂತ ನಾನು ಸೇರಿಸಿದೆ. ಅದು ತಲೆ ತಿರುಗಿಸುತ್ತಾ ಕೂಗುತ್ತೆ, ಎಲ್ಲಿದೆ ಅಂತ ಕಿವಿಗೆ ಗೊತ್ತಾಗಲ್ಲ, ಹುಡುಕು ಅಂದೆ. ಅವನು ಬಾಟಲಿ ಮುಚ್ಚಳ ಹಾಕೋದನ್ನೂ ಮರೆತು ನಿಂತ. ನನಗಿಂತ ಮೊದಲು ಕಂಡವನು ಅವನೇ. ಒಣಗಿದ ಕೊಂಬೆಯ ತುದಿಯಲ್ಲಿ, ಗುಬ್ಬಿಗಿಂತ ಸ್ವಲ್ಪ ದಪ್ಪ, ಹಸಿರು ಮೈ, ಹಣೆ ಮೇಲೆ ಕುಂಕುಮ ಇಟ್ಟ ಹಾಗೆ ಕೆಂಪು.

“ಇಷ್ಟು ಚಿಕ್ಕದಾ!” ಅಂದ. ಅಷ್ಟರಲ್ಲಿ ಸೀಟಿ. ಓಡಿಹೋದ. ಹೆಸರು ಕೇಳೋಕೂ ಆಗಲಿಲ್ಲ.

ಮನೆಗೆ ಬಂದು ಇಬರ್ಡ್‌ನಲ್ಲಿ, ಅಂದರೆ ಕಂಡ ಹಕ್ಕಿಗಳ ಲೆಕ್ಕ ಬರೆದಿಡೋ ಜಾಲತಾಣದಲ್ಲಿ, ಇವತ್ತಿನ ಪಟ್ಟಿ ಹಾಕಿದೆ. ಕಂಚುಗಾರ, 1. ನೋಡಿದವರು ಎಷ್ಟು ಜನ ಅಂತ ಅದು ಯಾವಾಗಲೂ ಕೇಳುತ್ತೆ. ದಿನಾ 1 ಅಂತ ಒತ್ತುತ್ತಿದ್ದೆ. ಇವತ್ತು 2 ಒತ್ತಿದೆ.